ಸಾಕು ಎಂದವಳು

ಹೋದ ತಿಂಗಳು ಆಕೆ ಕಬಡ್ಡಿಯಿಂದ ನಿವೃತ್ತಳಾದ ಸುದ್ದಿ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಬಂತು. ಹೂಗುಚ್ಛ, ಚಪ್ಪಾಳೆ, ಮುಗಿದ ಕೈಗಳ ಚಿತ್ರಗಳು ಒಂದರ ಹಿಂದೊಂದು ಬಿದ್ದವು. ಅವುಗಳ ನಡುವೆ ಯಾರೋ ಕಣ್ಣು ಹೊಡೆಯುವ ಹಳದಿ ಮುಖವನ್ನು ಹಾಕಿದರು. ಎರಡೇ ನಿಮಿಷದಲ್ಲಿ ಅಳಿಸಿದರೂ ಅಷ್ಟರಲ್ಲಿ ನೋಡಬೇಕಾದವರೆಲ್ಲ ನೋಡಿಯಾಗಿತ್ತು. ಆ ಮುಖದ ಅರ್ಥ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಆ ಅನುಮಾನವನ್ನು ಮೊದಲು ಕಾಗದದ ಮೇಲೆ ಇಳಿಸಿದವರು ಯಾರು ಎಂಬುದು ಮಾತ್ರ ಗುಂಪಿನಲ್ಲಿ ಮೂರೇ ಜನಕ್ಕೆ ಗೊತ್ತಿತ್ತು: ನಮ್ಮ ಸಾಹೇಬರಿಗೆ, ಆಕೆಗೆ ಮತ್ತು ನನಗೆ.

ಆಕೆಯ ಹೆಸರು ಬರೆಯುವುದಿಲ್ಲ. ಈಗಾಗಲೇ ಆ ಹೆಸರಿನ ಬೆನ್ನಿಗೆ ಬೇಡದ ಮಾತುಗಳು ಸಾಕಷ್ಟು ಅಂಟಿಕೊಂಡಿವೆ. ತಂಡದ ಹುಡುಗಿಯರು ಆಕೆಯನ್ನು ಮರಾಠಿಯಲ್ಲಿ ‘ತಾಈ’ ಅನ್ನುತ್ತಿದ್ದರು, ನಮ್ಮಲ್ಲಿ ಅಕ್ಕ ಅಂದ ಹಾಗೆ. ನನ್ನ ಕನ್ನಡದ ಕಿವಿಗೆ ಅದು ‘ತಾಯಿ’ ಎಂದೇ ಕೇಳುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹತ್ತೊಂಬತ್ತು ವರ್ಷದ ಹುಡುಗಿಯನ್ನು ಅವಳಿಗಿಂತ ದೊಡ್ಡವರೂ ತಾಯಿ ಅನ್ನುತ್ತಾರಲ್ಲ ಎಂದು ನಗು ಬರುತ್ತಿತ್ತು.

ನಮ್ಮದು ಪುಣೆ ಸ್ಟೇಷನ್ ಹತ್ತಿರದ ಒಂದು ಸರಕಾರಿ ಆಫೀಸು. ಆಟಗಾರರಿಗೆಂದು ಮೀಸಲಿಟ್ಟ ಕೆಲವು ಹುದ್ದೆಗಳಿದ್ದವು. ಅದರಲ್ಲಿ ಒಂದರ ಮೇಲೆ ಆಕೆ ಬಂದಳು. ಅರ್ಜಿ ತೆಗೆದುಕೊಂಡವನು ನಾನೇ. ಮಾತೃಭಾಷೆಯ ಮುಂದೆ ‘ಕನ್ನಡ’ ಎಂದು ಬರೆದದ್ದು ನೋಡಿ ತಲೆ ಎತ್ತಿದೆ.

“ಯಾವ ಕಡೆಯವರವಾ ನೀವು?”

ಆಕೆಯ ಮುಖ ಅರಳಿತು. “ಯಾದಗಿರಿ ಕಡಿಯವರ್ರಿ. ನೀವೂ ನಮ್ಮವರೇನ್ರಿ?”

“ವಿಜಯಪುರ. ಈಗ ಮನಿ ಕೋಥರೂಡದಾಗ.”

“ಹಂಗಾರ ನಿಮಗ ಕಾಕಾ ಅಂತೀನ್ರಿ. ಸಾಹೇಬ್ರ ಮುಂದ ಸರ್ರ ಅಂತೀನಿ.”

ಅಪ್ಪ ಅವ್ವ ಕಟ್ಟಡದ ಕೆಲಸ ಹುಡುಕಿಕೊಂಡು ಬಂದವರು. ಪುಣೆಯ ಅಂಚಿನ ವಾಕಡದಲ್ಲಿ ಬಹುಮಹಡಿಗಳು ಏಳುತ್ತಿದ್ದ ಕಾಲದಲ್ಲಿ ತಗಡಿನ ಪತ್ರಾ ಶೆಡ್ಡಿನಲ್ಲಿ ಬೆಳೆದ ಹುಡುಗಿ. ಪಾಲಿಕೆಯ ಶಾಲೆಯ ಒಬ್ಬ ಮಾಸ್ತರರು ಆಕೆ ಓಡುವುದನ್ನು ನೋಡಿ ಕಬಡ್ಡಿಗೆ ಹಚ್ಚಿದರಂತೆ. ಮುಂದೆ ಆಕೆ ದೇಶದ ಜರ್ಸಿ ಹಾಕಿ ವಿಮಾನ ಹತ್ತಿದಳು; ಪದಕ ತಂದಳು; ಪೇಪರಿನಲ್ಲಿ ಫೋಟೋ ಬಂತು. ಅವನ್ನೆಲ್ಲ ಬೇರೆಯವರು ಬರೆದಿದ್ದಾರೆ. ನಾನು ನೋಡಿದ್ದು ಬೇರೆ. ಆಟವೇ ಗೊತ್ತಿಲ್ಲದ ನನ್ನನ್ನು ತಂಡದ ಮ್ಯಾನೇಜರ್ ಮಾಡಿದ್ದರು. ರೈಲಿನ ಟಿಕೀಟು, ಊಟ, ಮೆಡಿಕಲ್ ಕಾಗದ — ಇವೇ ನನ್ನ ಕೆಲಸ. ಹಾಗಾಗಿ ಹದಿನಾಲ್ಕು ವರ್ಷ ಆಕೆಯ ಆಟವನ್ನು ಬೆಂಚಿನ ತುದಿಯಲ್ಲಿ ಕೂತು ನೋಡಿದೆ.

ಪಂದ್ಯಕ್ಕೆ ಮುಂಚೆ ಆಕೆ ಉಗುರು ಕತ್ತರಿ ಹಿಡಿದು ಹುಡುಗಿಯರನ್ನು ಸಾಲಾಗಿ ಕೂರಿಸುತ್ತಿದ್ದಳು. ಉಗುರು ಬೆಳೆದಿದ್ದರೆ ಅಂಪೈರು ಆಡಗೊಡುವುದಿಲ್ಲ, ಅದು ನಿಯಮ. ಆದರೆ ಆಕೆ ನಿಯಮಕ್ಕಾಗಿ ಮಾಡುತ್ತಿರಲಿಲ್ಲ. ಒಬ್ಬೊಬ್ಬಳ ಕೈಯನ್ನೂ ತನ್ನ ಕೈಯಲ್ಲಿಟ್ಟುಕೊಂಡು, ಕತ್ತರಿಸುತ್ತ, ಇವತ್ತು ಯಾರ ಕೈ ತಣ್ಣಗಿದೆ, ಯಾರದು ನಡುಗುತ್ತಿದೆ ಎಂದು ತಿಳಿದುಕೊಳ್ಳುತ್ತಿದ್ದಳು. ನಡುಗುವವಳನ್ನು ತನ್ನ ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತಿದ್ದಳು.

ಎದುರಾಳಿಯ ಅಂಗಳಕ್ಕೆ ದಾಳಿ ಹೋದಾಗ ಆಕೆಯ ಉಸಿರುಕಟ್ಟಿದ ‘ಕಬಡ್ಡಿ ಕಬಡ್ಡಿ’ ಗುಂಯ್‌ಗುಟ್ಟಿದ ಹಾಗಿರುತ್ತಿತ್ತು. ಜೋರಾಗಿ ಹೇಳು ಎಂದು ಅಂಪೈರು ಎಷ್ಟೋ ಸಲ ಎಚ್ಚರಿಸಿದ್ದುಂಟು. ಎಳೆಯ ಹುಡುಗಿಯರಿಗೆ ಆಕೆ ಕಲಿಸುತ್ತಿದ್ದ ಮೊದಲ ಪಾಠ: “ಎದುರಿನವರ ಕಣ್ಣು ನೋಡಬ್ಯಾಡ್ರಿ. ಕಣ್ಣು ಸುಳ್ಳು ಹೇಳತಾವ. ಮೊಣಕಾಲ ನೋಡ್ರಿ.”

ಒಮ್ಮೆ ಸಾಂಗಲಿಯಲ್ಲಿ ಅರ್ಧ ಆಟ ಮುಗಿದಾಗ ನಾವು ಹನ್ನೊಂದು ಅಂಕ ಹಿಂದಿದ್ದೆವು. ನಾನು ಸಾಮಾನು ಕಟ್ಟತೊಡಗಿದ್ದೆ. ನೀರು ಕುಡಿಯಲು ಬಂದವಳು ಅದನ್ನು ನೋಡಿದಳು. “ಕಾಕಾ, ಬಸ್ಸಿನವನಿಗೆ ನಿಂದರು ಅಂತ ಹೇಳ್ರಿ. ಬಹುಮಾನ ಕೊಡೂತನಾ ಇರಬೇಕಾಗತದ.” ಆಮೇಲೆ ಕಿರುಬೆರಳು ಜಾರಿ ಅಡ್ಡ ತಿರುಗಿತು. ತಾನೇ ಎಳೆದು ನೆಟ್ಟಗೆ ಮಾಡಿಕೊಂಡು ಇನ್ನೊಂದು ದಾಳಿಗೆ ಹೋದಳು. ಬಸ್ಸು ನಿಜಕ್ಕೂ ನಿಲ್ಲಬೇಕಾಯಿತು. ಸೋತ ದಿನ ಆಕೆ ಊಟ ಮುಟ್ಟುತ್ತಿರಲಿಲ್ಲ. ಅಂಥ ದಿನಗಳು ಬೆರಳೆಣಿಕೆಯಷ್ಟು.

ಅಂಥವಳ ಬಗ್ಗೆ ನನಗೆ ಅನುಮಾನ ಶುರುವಾದದ್ದು ಒಂದು ವಡಾಪಾವಿನಿಂದ ಅಂದರೆ ನಗಬೇಡಿ. ಎರಡು ವರ್ಷದ ಹಿಂದೆ, ಒಂದು ಸಾಧಾರಣ ತಂಡದ ಎದುರು ಸೋತು ವಾಪಸ್ ಬರುವಾಗ, ದಾರಿಯಲ್ಲಿ ಆಕೆ ವಡಾಪಾವ್ ತಿಂದಳು. ಇನ್ನೊಂದು ಬೇಕು ಎಂದಳು. ಹುಡುಗಿಯರ ಜತೆ ಯಾವುದೋ ಮಾತಿಗೆ ನಕ್ಕಳು. ನನಗೆ ಅದು ಸರಿಬರಲಿಲ್ಲ. ಸೋತವರು ನಗಬಾರದು ಅಂತಲ್ಲ; ಈಕೆ ನಗುವವಳಲ್ಲ.

ಆಮೇಲೆ ನನ್ನ ಕಣ್ಣು ಆಕೆಯ ಮೇಲೇ ನೆಟ್ಟಿತು. ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಈಗ ತಡವಾಗಿ ಬರುತ್ತಿದ್ದಳು. ಅದೂ ಪೂರ್ತಿ ತಡವಲ್ಲ. ಸ್ಕೂಟಿಯನ್ನು ಗೋಡೆಯ ಆಚೆ ಬದಿಗೆ ನಿಲ್ಲಿಸಿ, ಅದರ ಮೇಲೇ ಹೆಲ್ಮೆಟ್ ಹಾಕಿಕೊಂಡು ಹತ್ತು ಹದಿನೈದು ನಿಮಿಷ ಕೂತಿರುತ್ತಿದ್ದಳು. ಮೂರು ಸಲ ನೋಡಿದೆ. ಹೆಲ್ಮೆಟ್ಟಿನೊಳಗೆ ಫೋನು ಸಿಕ್ಕಿಸಿಕೊಂಡು ಮಾತಾಡುವವರು ಈ ಊರಿನಲ್ಲಿ ಬೇಕಾದಷ್ಟು. ಯಾರ ಜತೆ ಇಷ್ಟು ಮಾತು? ಮೈದಾನದೊಳಗೆ ಬಂದು ಆಡಲಾಗದ ಮಾತು ಯಾವುದು? ಆಫೀಸಿನ ಕೆಲಸದಲ್ಲಿ ಮಾತ್ರ ಎಂದಿಗಿಂತ ಅಚ್ಚುಕಟ್ಟು. ಆಕೆಗೆ ಆವಕ-ಜಾವಕ ವಿಭಾಗದ ಕೆಲಸ, ಬಂದ ಹೋದ ಪತ್ರಗಳಿಗೆ ನಂಬರು ಹಾಕಿ ದಾಖಲು ಮಾಡುವುದು. ಹತ್ತಕ್ಕೆ ಸರಿಯಾಗಿ ಬಂದು ಕೂತು ಬಿಡುತ್ತಿದ್ದಳು. ಇಷ್ಟು ವರ್ಷ ಆ ಕುರ್ಚಿಯಲ್ಲಿ ಕೂತದ್ದೇ ಕಡಿಮೆ. ಈಗೇಕೆ ಈ ಪ್ರೀತಿ ಎಂದು ಅದಕ್ಕೂ ಅನುಮಾನಪಟ್ಟೆ.

ಮಾತಾಡಿಸಿ ನೋಡಿದೆ. “ಮೈಯಾಗ ಆರಾಮ ಅದ ಇಲ್ಲವಾ?”

“ಅದ ಕಾಕಾ.”

“ಮನ್ಯಾಗ?”

“ಎಲ್ಲಾ ಛಲೋ ಅದ.”

ಅಷ್ಟೇ. ಎಲ್ಲಾ ಛಲೋ ಇದ್ದವರು ಹೀಗೇಕೆ ಇರುತ್ತಾರೆ ಎಂದು ನನ್ನ ಸಂಶಯ ಇನ್ನಷ್ಟು ಬಲಿಯಿತು.

ಆಮೇಲೆ ಆ ಸೆಮಿಫೈನಲ್ ಬಂತು. ಆಫೀಸುಗಳ ನಡುವಿನ ದೊಡ್ಡ ಪಂದ್ಯಾವಳಿ. ಎದುರಿನ ತಂಡ ನಮ್ಮ ಹಳೆಯ ವೈರಿ. ಆ ತಂಡದ ಹಿಂದಿನ ಕ್ಯಾಪ್ಟನ್ ಒಬ್ಬಳು ಮರಾಠಿ ಹೆಂಗಸು, ಎಡಮೂಲೆಯಲ್ಲಿ ನಿಂತು ಕಾಲಿನ ಹರಡು ಹಿಡಿದಳೆಂದರೆ ಬಿಡುತ್ತಿರಲಿಲ್ಲ. ಹತ್ತು ವರ್ಷ ಇವರಿಬ್ಬರ ಜಟಾಪಟಿಯನ್ನು ನೋಡಲೆಂದೇ ಜನ ಬರುತ್ತಿದ್ದರು. ಆ ಕ್ಯಾಪ್ಟನ್ ನಾಲ್ಕು ವರ್ಷದ ಹಿಂದೆ ಮೊಣಕಾಲು ಕೆಟ್ಟಿತೆಂದು ಆಟ ಬಿಟ್ಟಿದ್ದಳು. ಈಗ ಅವಳ ತಂಗಿ ಆ ತಂಡದ ಕೋಚು.

ಕೊನೆಯ ದಾಳಿ. ಒಂದು ಅಂಕ ಹಿಂದೆ. ಎದುರು ಉಳಿದವಳು ಒಬ್ಬಳೇ; ಅವಳೂ ಔಟಾದರೆ ಇಡೀ ತಂಡ ಔಟು, ಮೇಲೆ ಎರಡು ಅಂಕ. ನಮ್ಮವಳು ಒಳಗೆ ಹೋದಳು. ಹಿಂದೆ ಸರಿಯುವಾಗ ಎದುರಿನ ಆ ಹುಡುಗಿ ಕಾಲು ಜಾರಿ ಆಕೆಯ ಮುಂದೆಯೇ ಬಿದ್ದಳು. ಒಂದು ಕೈ ಚಾಚಿದ್ದರೆ ಸಾಕಿತ್ತು. ನಮ್ಮ ಬೆಂಚೆಲ್ಲ ಎದ್ದು ನಿಂತಿತು. ಆಕೆ ಬಿದ್ದವಳನ್ನು ನೋಡಿದಳು. ಗುಂಯ್‌ಗುಡುವುದು ನಿಲ್ಲಲಿಲ್ಲ. ಆಮೇಲೆ ತಿರುಗಿದಳು, ಸಂಜೆ ವಾಕಿಂಗ್ ಮುಗಿಸಿದವರ ಹಾಗೆ ನಡೆದುಕೊಂಡು ಬಂದು ಮಧ್ಯದ ಗೆರೆ ದಾಟಿದಳು. ಸೀಟಿ ಮೊಳಗಿತು. ಸೋತೆವು.

ಯಾರೋ ವಿಡಿಯೋ ಮಾಡಿದ್ದರು. ಮರುದಿನದೊಳಗೆ ಅದು ನಿಧಾನವಾಗಿ ಓಡುವಂತೆ ಮಾಡಿ, ಆಕೆಯ ಕೈಯ ಸುತ್ತ ಕೆಂಪು ವೃತ್ತ ಎಳೆದು, ಎಲ್ಲರ ಫೋನಿಗೂ ಬಂತು. ನಾನು ಅದನ್ನು ಎಷ್ಟು ಸಲ ನೋಡಿದೆನೋ. ಆಕೆಯೇ ಕಲಿಸಿದಂತೆ ಮೊಣಕಾಲು ನೋಡಿದೆ. ಮೊಣಕಾಲಿನಲ್ಲಿ ನಡುಕವಿಲ್ಲ, ನೋವಿಲ್ಲ. ಹಾಗಾದರೆ ಬೇಕಂತಲೇ ಎಂದು ನಾನೇ ತೀರ್ಪು ಕೊಟ್ಟುಕೊಂಡೆ.

ಅದಾದ ಎರಡನೇ ಭಾನುವಾರ ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆ. ನಮ್ಮ ಸೊಸೈಟಿಯ ನಾಲ್ಕು ಮನೆಯವರು ಸೇರಿ ಒಂದು ಚೀಲ ಉಳ್ಳಾಗಡ್ಡಿ ತಂದು ಹಂಚಿಕೊಳ್ಳುವುದು ರೂಢಿ. ಹಮಾಲರ ಕೂಗು, ಹಿಂದೆ ಸರಿಯುವ ಟೆಂಪೋಗಳು, ಕಾಲಿಗೆ ಸಿಗುವ ಉಳ್ಳಾಗಡ್ಡಿ ಸಿಪ್ಪೆ. ಒಂದು ಆಲೂಗಡ್ಡೆ ಅಂಗಡಿಯ ಒಳಗೆ, ಚೀಲಗಳ ಮೇಲೆ ಇಬ್ಬರು ಹೆಂಗಸರು ತಲೆಗೆ ತಲೆ ಹಚ್ಚಿ ಕೂತಿದ್ದರು. ಒಬ್ಬಳು ಆ ಹಳೆಯ ಕ್ಯಾಪ್ಟನ್. ಅದು ಅವಳ ಗಂಡನ ಅಂಗಡಿ ಎಂದು ಆಮೇಲೆ ತಿಳಿಯಿತು. ಇನ್ನೊಬ್ಬಳು ನಮ್ಮವಳು. ಕ್ಯಾಪ್ಟನ್ ಎದ್ದು ಒಂದು ಬಟ್ಟೆಯ ಚೀಲವನ್ನು ಆಕೆಯ ಕೈಗೆ ತುರುಕಿದಳು. ಬೇಡ ಬೇಡ ಅಂದು ಆಕೆ ತೆಗೆದುಕೊಂಡಳು. ಆಗ ನನ್ನನ್ನು ಕಂಡಳು. ಕಂಡೊಡನೆ ಮುಖ ಆ ಕಡೆ ತಿರುಗಿಸಿಬಿಟ್ಟಳು.

ಹತ್ತು ಹೆಜ್ಜೆ ಹೋಗಿ ಮಾತಾಡಿಸಬಹುದಿತ್ತು. ನಾನು ಉಳ್ಳಾಗಡ್ಡಿ ಚೀಲ ರಿಕ್ಷಾಕ್ಕೆ ಹಾಕಿಸಿಕೊಂಡು ಮನೆಗೆ ಬಂದೆ.

ಸೋಮವಾರ ಸಾಹೇಬರು ಕರೆದರು. ಮೇಲಿನವರು ಆ ವಿಡಿಯೋ ನೋಡಿದ್ದರು. “ನಿಮ್ಮ ಭಾಷೆಯ ಹುಡುಗಿ. ನಿಮಗೆ ಗೊತ್ತಿಲ್ಲದ್ದು ಏನಿದೆ? ಏನು ಕಂಡಿರೋ ಬರೆದುಕೊಡಿ,” ಎಂದು ಮರಾಠಿಯಲ್ಲಿ ಹೇಳಿದರು. ‘ನಿಮ್ಮ ಭಾಷೆಯ’ ಎಂಬ ಮಾತು ನನಗೆ ಚುಚ್ಚಿತು. ನಾಳೆ ಏನಾದರೂ ಹೊರಬಿದ್ದರೆ, ಕನ್ನಡದವಳೆಂದು ಈತ ಮುಚ್ಚಿಹಾಕಿದ ಅಂದುಕೊಂಡಾರಲ್ಲ ಎಂಬ ಭಯ. ಮೂವತ್ತು ವರ್ಷ ಈ ಊರಿನಲ್ಲಿ ಯಾರಿಂದಲೂ ಒಂದು ಮಾತು ಕೇಳದೆ ಬದುಕಿದವನು ನಾನು. ಅದೇ ದಿನ ಬರೆದೆ. ಬರೆದ ಒಕ್ಕಣೆ ಇವತ್ತಿಗೂ ಬಾಯಿಪಾಠ: “ಆಟಗಾರ್ತಿಯ ಇತ್ತೀಚಿನ ವರ್ತನೆ ಸಂಶಯಾಸ್ಪದವಾಗಿದೆ. ಎದುರು ತಂಡಕ್ಕೆ ಸಂಬಂಧಪಟ್ಟ ವ್ಯಕ್ತಿಯನ್ನು ಖಾಸಗಿಯಾಗಿ ಭೇಟಿಯಾದದ್ದನ್ನು, ಅವರ ನಡುವೆ ವಸ್ತುವೊಂದು ಕೈ ಬದಲಿಸಿದ್ದನ್ನು ಸ್ವತಃ ಕಂಡಿದ್ದೇನೆ.” ಲಕೋಟೆಯ ಮೇಲೆ ‘ಗೋಪನೀಯ’ ಎಂದು ಬರೆದು ಕಳಿಸಿದೆ.

ವಿಚಾರಣೆಗೆ ಮೂವರು ಅಧಿಕಾರಿಗಳು ಕೂತರು. ಮ್ಯಾನೇಜರ್ ಎಂದು ನನ್ನನ್ನೂ ಒಂದು ಕುರ್ಚಿಯಲ್ಲಿ ಕೂರಿಸಿದರು. ಆಕೆಯ ರಕ್ತಪರೀಕ್ಷೆ ಆಗಿತ್ತು, ಮೊಣಕಾಲಿನ ಸ್ಕ್ಯಾನ್ ಆಗಿತ್ತು. ಎಲ್ಲ ಸರಿಯಾಗಿತ್ತು. ಅದೇ ತೊಂದರೆ. ಏನಾದರೂ ಕೆಟ್ಟಿದ್ದರೆ ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದರು.

ಮೂವರಲ್ಲಿ ಒಬ್ಬ ಹಿರಿಯ ಅಧಿಕಾರಿಣಿ ಮೆತ್ತನೆಯ ಮನಸ್ಸಿನವರು. “ನೋಡಮ್ಮ, ಸ್ಕ್ಯಾನಿನಲ್ಲಿ ಕಾಣದ ನೋವೂ ಇರುತ್ತೆ. ಮೊಣಕಾಲು ನೋವಿತ್ತು ಅಂತ ಬರೆದುಕೊಡು. ಇಲ್ಲಿಗೆ ಮುಗಿಸೋಣ,” ಎಂದರು.

“ನೋವಿಲ್ಲ ಮ್ಯಾಡಮ್.”

“ಮನೆಯಲ್ಲಿ ಕಷ್ಟ?”

“ಇಲ್ಲ.”

“ಮತ್ತೆ ಆ ಹುಡುಗಿಯನ್ನು ಯಾಕೆ ಮುಟ್ಟಲಿಲ್ಲ?”

 ಆಕೆ ಮರಾಠಿಯಲ್ಲೇ, “ಕಂಟಾಳಾ ಆಲಾ,” ಎಂದಳು. ಬೇಜಾರು ಬಂತು. ಶಾಲೆಗೆ ಹೋಗಲೊಲ್ಲದ ಮಕ್ಕಳು ಆಡುವ ಮಾತು ಅದು. ಮೂವರಲ್ಲಿ ಅಧ್ಯಕ್ಷರಾಗಿದ್ದವರು ನಕ್ಕೇಬಿಟ್ಟರು. ನಗು ನಿಂತ ಮೇಲೆ ಅವರಿಗೆ ಸಿಟ್ಟು ಬಂತು. “ದೇಶಕ್ಕೆ ಆಡಿದವಳು. ಇದೇ ಆಟದ ಮೇಲೆ ನೌಕರಿ ಸಿಕ್ಕಿದೆ. ಬೇಜಾರು ಬಂತು ಅಂತ ನಾನು ಫೈಲಿನಲ್ಲಿ ಬರೆಯಲೇ?”

ಆಕೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: “ಕಾಕಾ, ನನಗ ಸಾಕಾಗೇದ. ಇದನ್ನ ಇವರಿಗೆ ತಿಳಿಯೂ ಹಂಗ ಹೇಳ್ರಿ.”

ನಾನು ಹೇಳಿದೆ. ಶಬ್ದಕ್ಕೆ ಶಬ್ದ ಇಟ್ಟು ಮರಾಠಿಗೆ ತಿರುಗಿಸಿದೆ. ಆದರೆ ನಂಬಿದವನು ಹೇಳುವ ಹಾಗೆ ಹೇಳಲಿಲ್ಲ. ಅದು ನನಗೂ ಗೊತ್ತಿತ್ತು, ಆಕೆಗೂ ತಿಳಿಯಿತು.

ತಪ್ಪಿಗೆ ಪುರಾವೆ ಸಿಗಲಿಲ್ಲ. ಆದರೂ ಮುಂದಿನ ಪಂದ್ಯಾವಳಿಯಲ್ಲಿ ಆಡಿ ನಂಬಿಕೆ ಉಳಿಸಿಕೊಳ್ಳಬೇಕು, ಇಲ್ಲವಾದರೆ ಆಟದ ಕೋಟಾದ ನೌಕರಿಯನ್ನು ಮರುಪರಿಶೀಲಿಸಬೇಕಾಗುತ್ತದೆ ಎಂದು ಬರೆದರು. ಆ ಕಾಗದ ಆಕೆಯ ಟೇಬಲ್ಲಿಗೇ ಬಂತು. ಆಕೆಯೇ ಅದಕ್ಕೆ ನಂಬರು ಹಾಕಿಕೊಂಡಳು.

ಆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಹತ್ತಿರ ಬಂದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಸರ್ರ, ಒಂದ ಮಾತ ಕೇಳಬೇಕಿತ್ತು.”

ಒಬ್ಬರೇ ಇದ್ದಾಗ ಸರ್ರ ಅಂದದ್ದು ಅದೇ ಮೊದಲು. ಆಮೇಲೆ ಆಕೆ ನನ್ನನ್ನು ಬೇರೆ ಏನೂ ಅಂದಿಲ್ಲ.

“ನಿಮ್ಮ ಲಕೋಟಿ ನನ್ನ ಟೇಬಲ್ ಮ್ಯಾಲಿಂದನ ಹೋತ್ರಿ. ಗೋಪನೀಯ ಅಂತ ಬರದಿದ್ರಿ. ನಿಮ್ಮ ಅಕ್ಷರ ನನಗ ಗೊತ್ತಿಲ್ಲೇನ್ರಿ? ನಂಬರ್ ಹಾಕಿ ಕಳಿಸೇನಿ. ಅದರಾಗ ಮಾರ್ಕೆಟ್ ಯಾರ್ಡ್ ಮಾತ ಇತ್ತೇನ್ರಿ?”

ನಾನು ಹೌದೆಂದು ತಲೆಯಾಡಿಸಿದೆ.

“ಆ ಚೀಲದಾಗ ಏನಿತ್ತು ಅಂತ ಕೇಳಬೇಕಿತ್ತು ನೀವು. ಎರಡು ಕಿಲೋ ಬಟಾಟಿ ಇದ್ವು. ಗೆಳತಿ ಅಂಗಡಿಗೆ ಹೋದ್ರ ಖಾಲಿ ಕೈಲೆ ಕಳಸ್ತಾರೇನ್ರಿ?”

“ನನ್ನ ನೋಡಿ ಮುಖ ತಿರುವಿದಿ ಮತ್ತ?”

“ಅತ್ತಿದ್ನಿರಿ. ಅದನ್ನ ನಿಮಗ ತೋರಸಬೇಕಿತ್ತಾ?”

ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಅವತ್ತು ಆಕೆ ಹೇಳಿದ್ದು ಆಕೆಯ ಮಾತಿನಲ್ಲೇ ಇಲ್ಲಿಡುತ್ತೇನೆ. “ಮೊದಲು ಗೆರಿ ದಾಟಿದ್ರ ಸಾಕು, ಎದಿ ಡಬಡಬ ಅಂತಿತ್ರಿ. ಅದಕ್ಕ ಆಡತಿದ್ದೆ. ಪದಕಕ್ಕಲ್ಲ, ನೌಕರಿಗಲ್ಲ. ಎರಡು ವರ್ಷದ ಹಿಂದ ಒಂದ್ಸಲ ಗೆರಿ ದಾಟೇನಿ, ಎದಿ ಸುಮ್ಮನ ಕುಂತದ. ದಾಳಿ ನಡುವನ ಇವತ್ತ ಮನ್ಯಾಗ ನೀರ ಬಂದಾವೋ ಇಲ್ಲೋ ಅಂತ ನೆನಪಾತು. ಅಂಜಿಕಿ ಬಂತ್ರಿ. ನಾಳಿಗೆ ಸರಿ ಆಗತದ ಅಂದೆ. ಆಗಲಿಲ್ಲ. ಮೈದಾನದ ಹೊರಗ ಗಾಡಿ ಮ್ಯಾಲೆ ಕುಂತರ ಇಳೀಲಾಕ ಕಾಲು ಬರತಿರಲಿಲ್ಲ. ಆವತ್ತು ಆ ಹುಡಿಗಿ ಮುಂದ ಬಿದ್ದಿದ್ಳಲ್ರಿ, ಮುಟ್ಟಬೇಕು ಅಂತ ಗೊತ್ತಿತ್ತು. ಮುಟ್ಟಿದ್ರ ಫೈನಲ್. ಅದರ ಮುಂದ ಇನ್ನೊಂದು. ಅದರ ಮುಂದ ಮತ್ತೊಂದು. ಕೈ ಏಳಲಿಲ್ರಿ.”

“ಆಕಿ ಏನಂದ್ಳು? ಆ ಬಟಾಟಿ ಅಂಗಡಿಯಾಕಿ?”

ಅವತ್ತು ಆಕೆ ಮೊದಲ ಸಲ ನಕ್ಕಳು. “ಅಕ್ಕಾ, ನೀ ಹ್ಯಾಂಗ ಬಿಟ್ಟಿ ಅಂತ ಕೇಳಲಾಕನ ಹೋಗಿದ್ನಿರಿ. ಅಕಿಗೂ ಹಿಂಗ ಆಗಿತ್ತಂತ. ಮೊಣಕಾಲು ಕೆಟ್ಟಿಲ್ಲ, ಏನಿಲ್ಲ, ಅದು ಸುಳ್ಳು. ಖರೇ ಹೇಳಿದ್ರ ಯಾರೂ ನಂಬಂಗಿಲ್ಲ, ನೀನೂ ಮೊಣಕಾಲು ಅಂತನ ಹೇಳು ಅಂದ್ಳು. ಹತ್ತ ವರ್ಷ ನನ್ನ ಕಾಲ ಹಿಡದು ಕೆಡವಿದಾಕಿ. ಅಕಿ ಮಾತು ಕೇಳಬೇಕಿತ್ತು.”

“ಮತ್ತ ಯಾಕ ಹೇಳಲಿಲ್ಲ?”

“ಹುಡಿಗ್ಯಾರಿಗೆ ಏನ್ ಕಲಿಸೀನ್ರಿ ನಾನು? ಮೊಣಕಾಲು ಸುಳ್ಳು ಹೇಳಂಗಿಲ್ಲ ಅಂತ.”

ನಾನು ಕ್ಷಮೆ ಕೇಳಿದೆನೇ? ಇಲ್ಲ. ನನ್ನ ಡಬ್ಬಿಯ ಮುಚ್ಚಳ ತೆಗೆದು, “ಊಟ ಮಾಡ್ತಿಯೇನವಾ?” ಎಂದೆ. ಬೇಡವೆಂದು ಎದ್ದು ಹೋದಳು. ಆಕೆ ಹೇಳಿದ್ದು ನಿಜವೆಂದು ಆ ಕ್ಷಣಕ್ಕೆ ಅನ್ನಿಸಿತ್ತು. ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ, ಇಷ್ಟು ಚೆನ್ನಾಗಿ ಜೋಡಿಸಿ ಹೇಳಿದಳಲ್ಲ, ಮೊದಲೇ ಯೋಚಿಸಿಟ್ಟಿದ್ದಳೋ ಎಂದೂ ಅನ್ನಿಸಿತು. ಸಂಶಯ ಒಮ್ಮೆ ಒಳಗೆ ಬಂದರೆ ನಿಜವನ್ನೇ ತಿಂದು ಕೊಬ್ಬುತ್ತದೆ.

ಮುಂದಿನ ಪಂದ್ಯಾವಳಿ ಪುಣೆಯಲ್ಲೇ ಇತ್ತು. ಫೈನಲ್ಲಿನಲ್ಲಿ ಎದುರಿಗೆ ಅದೇ ತಂಡ. ಆ ದಿನ ಆಕೆ ಉಗುರು ಕತ್ತರಿ ಹಿಡಿದು ಎಲ್ಲರ ಕೈ ನೋಡಿದಳು. ಯಾರ ಜತೆಯೂ ಮಾತಾಡಲಿಲ್ಲ. ಆಮೇಲೆ ನಡೆದದ್ದನ್ನು ಆಟ ಎನ್ನಬೇಕೋ ಏನೆನ್ನಬೇಕೋ ತಿಳಿಯದು. ಮೊದಲ ದಾಳಿಯಲ್ಲೇ ಮೂವರನ್ನು ಮುಟ್ಟಿ ಬಂದಳು. ನಾಲ್ಕು ಜನ ಬೆನ್ನ ಮೇಲೆ ಬಿದ್ದರೂ ಅವರನ್ನೆಲ್ಲ ಎಳೆದುಕೊಂಡು ಗೆರೆಗೆ ಬೆರಳು ತಾಗಿಸಿದಳು. ಮೊಣಕೈ ಸುಲಿದು ನೆತ್ತರು ಬಂದರೆ ನೀರು ಸುರಿದುಕೊಂಡು ಮತ್ತೆ ಹೋದಳು. ಗುಂಯ್‌ಗುಡುತ್ತಿದ್ದ ದನಿ ಅವತ್ತು ಇಡೀ ಸಭಾಂಗಣಕ್ಕೆ ಕೇಳುತ್ತಿತ್ತು. ಎಳೆಯ ಹುಡುಗಿಯರು ದಾಳಿಗೆ ಏಳಲು ಹೋದರೆ ಕೈಯಲ್ಲೇ ತಡೆದು ತಾನೇ ಹೋಗುತ್ತಿದ್ದಳು. ಗೆದ್ದೆವು. ಹತ್ತಿರ ಹತ್ತಿರ ಇಪ್ಪತ್ತು ಅಂಕದ ಅಂತರ.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಹಿಂದಿನ ಸಾಲಿನಿಂದ ಒಂದು ದನಿ ಕೇಳಿತು: “ಈಗ ಇಷ್ಟು ಆಡ್ತಾಳೆ ಅಂದ್ರೆ ಆಗ ಬೇಕಂತಲೇ ಸೋತಿದ್ಳು ಅಂತಾಯ್ತಲ್ಲ.” ಇನ್ನೊಬ್ಬರು, “ಮತ್ತೇನು!” ಎಂದರು. ಸಾಹೇಬರು ಚಪ್ಪಾಳೆ ನಿಲ್ಲಿಸದೆ ನನ್ನ ಕಿವಿಯ ಹತ್ತಿರ ಬಾಗಿ, “ನೀವು ಬರೆದದ್ದು ಸರಿಯಾಗಿಯೇ ಇತ್ತು,” ಎಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಹಾಗೇ ಅನ್ನಿಸಿತು. ಮೈಯಲ್ಲಿ ಇಷ್ಟು ಕಸುವಿದ್ದವಳಿಗೆ ಆವತ್ತು ಒಂದು ಕೈ ಎತ್ತಲಾಗಲಿಲ್ಲವೇ? ಒಳಗೊಳಗೇ ಒಂದು ಸಮಾಧಾನವೂ ಆಯಿತು, ನಾನು ತಪ್ಪು ಮಾಡಿಲ್ಲ ಎಂದು.

ವಾಪಸಾಗುವಾಗ ಬಸ್ಸಿನಲ್ಲಿ ಆಕೆ ತಾನಾಗಿ ಬಂದು ನನ್ನ ಪಕ್ಕ ಕೂತಳು. ಮೊಣಕೈಗೆ ಪಟ್ಟಿ ಕಟ್ಟಿತ್ತು.

“ನಿಮಗೂ ಖಾತ್ರಿ ಆತಲ್ರಿ?” ಎಂದಳು.

ನಾನು ಖರ್ಚಿನ ಲೆಕ್ಕದ ಹಾಳೆ ಮಡಚಿ ಜೇಬಿಗಿಟ್ಟೆ.

“ಹಿಂದಿನವ್ರು ಅಂದದ್ದು ನನಗೂ ಕೇಳಿಸ್ತು. ಸೋತರ ಒಂದು ಅಂತಾರ, ಗೆದ್ರ ಅದನ್ನ ಅಂತಾರ. ಇವತ್ತ ಸಿಟ್ಟಿಲೆ ಆಡೇನ್ರಿ. ಸಾಹೇಬ್ರ ಮ್ಯಾಲಿನ ಸಿಟ್ಟು, ನಿಮ್ಮ ಮ್ಯಾಲಿನ ಸಿಟ್ಟು. ನಾ ಹೊಡದ ಕೂಡಲೆ ಎದುರಿನ ಹುಡಿಗ್ಯಾರು ಅಂಜಿದ್ರು. ಅವರೇನ್ ಮಾಡಿದ್ರಿ ನನಗ? ದಿನಾ ಹಿಂಗ ಸಿಟ್ಟ ತರಿಸಿಕೊಂಡು ಆಡಬೇಕಂದ್ರ ನಾ ಎಂಥಾಕಿ ಆಗತೀನಿ?”

ಬಸ್ಸು ಆಫೀಸಿನ ಮುಂದೆ ನಿಲ್ಲುವ ಮೊದಲೇ ಮಡಿಚಿದ ಕಾಗದವೊಂದನ್ನು ನನ್ನ ಕೈಗಿಟ್ಟಳು. ತಂಡದಿಂದ ತನ್ನ ಹೆಸರು ಬಿಡಬೇಕೆಂದು, ಕಾರಣದ ಜಾಗದಲ್ಲಿ ‘ಆಟ ಸಾಕಾಗಿದೆ’ ಎಂದು ಬರೆದಿದ್ದಳು. ಅದನ್ನು ಮೇಲಿನವರು ಒಪ್ಪಲು ಬಹಳ ದಿನ ಹಿಡಿಯಿತು. ಗೆದ್ದುಕೊಟ್ಟಿದ್ದರಿಂದ ನೌಕರಿ ಉಳಿಯಿತು. ಫೈಲಿನಲ್ಲಿ ಮಾತ್ರ ಯಾರೋ ‘ವೈಯಕ್ತಿಕ ಕಾರಣ’ ಎಂದು ತಿದ್ದಿದರು.

ಆ ಹಳದಿ ಮುಖ ನೋಡಿದ ಮರುಭಾನುವಾರ ನಾನು ವಾಕಡಕ್ಕೆ ಹೋದೆ. ನಾಲ್ಕನೇ ಮಹಡಿಯ ಸಣ್ಣ ಫ್ಲ್ಯಾಟು, ಆಕೆ ತನ್ನ ದುಡಿಮೆಯಲ್ಲಿ ಮಾಡಿದ್ದು. ಆಕೆಯೇ ಬಾಗಿಲು ತೆರೆದಳು. ಆಶ್ಚರ್ಯವಾಯಿತೇನೋ, ತೋರಿಸಲಿಲ್ಲ. “ಬರ್ರಿ ಸರ್ರ,” ಎಂದು ಕೂರಿಸಿ ಚಹಾ ಮಾಡಲು ಒಳಗೆ ಹೋದಳು. ಅಪ್ಪ ವಾಚ್‌ಮನ್ ಡ್ಯೂಟಿಗೆ ಹೋಗಿದ್ದ. ಅವ್ವ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಒಣಗಿದ ಕಟ್ಟಿಗೆಯಂಥ ಹೆಂಗಸು.

ಒಳಗೆ ಪಾತ್ರೆಯ ಸಪ್ಪಳ ಕೇಳಿದ ಮೇಲೆ ಅವ್ವ ನನ್ನ ಕಡೆ ಬಾಗಿದಳು. ದನಿ ತೀರ ಇಳಿಸಿ ಕೇಳಿದಳು:

“ಸಾಹೇಬ್ರ, ನೀವು ಆಕಿ ಆಫೀಸಿನವ್ರು. ಖರೇ ಹೇಳ್ರಿ. ನನ್ನ ಮಗಳು ರೊಕ್ಕಾ ತಗೊಂಡು ಸೋತಿದ್ಳೇನ್ರಿ? ಬಾಜೂಕಿನವರು ಫೋನಿನ್ಯಾಗ ತೋರಿಸಿದ್ರು. ಆಕಿ ಮುಂದ ನಿಂತದ್ದು, ಮುಟ್ಟದನ ಬಂದದ್ದು.”

ನಾನು ಬರೆದದ್ದು ಒಂದೇ ಹಾಳೆ, ನಾಲ್ಕೈದು ಸಾಲು. ಅದು ನಮ್ಮ ಸಾಹೇಬರ ಟೇಬಲ್ ದಾಟಿ, ಸಭಾಂಗಣ ದಾಟಿ, ಈ ಮಂಚದ ತನಕ ಬಂದು ಕೂತಿತ್ತು.

“ಇಲ್ಲವ್ವ,” ಎಂದೆ. “ಆಕಿ ಯಾರ ಹತ್ರಾನೂ ಏನೂ ತಗೊಂಡಿಲ್ಲ. ಆ ಮಾತು ಮೊದಲ ಬರದುಕೊಟ್ಟಾವ ನಾನು. ಕೇಳದ ಮಾಡದ ಬರದೆ. ಸುಳ್ಳು ಅದು.”

ಅವ್ವ ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಅವಳಿಗೆ ನಾನು ಮುಖ್ಯವಾಗಿರಲೇ ಇಲ್ಲ.

“ಹಂಗಾರ ಯಾಕ ಬಿಟ್ಳ್ರಿ? ಕೈ ಕಾಲು ಗಟ್ಟಿ ಅದಾವ.”

“ಸಾಕಾಗಿತ್ತಂತವ್ವ.”

“ಸಾಕಾಗೂದಂದ್ರ?” ಅವ್ವನ ದನಿ ಏರಿತು. “ನಾ ಮೂವತ್ತು ವರ್ಷ ತಲಿಮ್ಯಾಲೆ ಸಿಮಿಟಿನ ಬುಟ್ಟಿ ಹೊತ್ತೇನಿ. ಎರಡನೇ ದಿನಕ್ಕನ ಸಾಕಾಗಿತ್ತು ನನಗ. ಯಾರ ಮುಂದ ಹೇಳಲಿ? ಬಿಟ್ಟೆನೇನು?”

ಆಕೆ ಚಹಾದ ಕಪ್-ಬಶಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಿಧಾನವಾಗಿ ಬಂದು ಬಶಿಯನ್ನು ನನ್ನ ಮುಂದಿನ ಸ್ಟೂಲಿನ ಮೇಲಿಟ್ಟಳು. ಆಮೇಲೆ ಅವ್ವನ ಕಡೆ ತಿರುಗಿದಳು.

“ಯವ್ವಾ, ನಿನಗ ಸಾಕಾದಾಗ ಬಿಡೂ ಹಂಗ ಇರಲಿಲ್ಲ. ನನಗ ಇತ್ತು. ಅದಕ್ಕ ಬಿಟ್ಟೆ.”

 ಅವ್ವ ಕಿಟಕಿಯ ಕಡೆ ನೋಡುತ್ತ ಕೂತಳು. ಆಮೇಲೆ ಚಾಚಿದ ಕಾಲುಗಳನ್ನು ಕೈಯಿಂದ ಹಿಡಿದು ಒಂದೊಂದಾಗಿ ಮಡಚಿಕೊಂಡು, ಮಗಳು ಕೂರುವಷ್ಟು ಜಾಗ ಬಿಟ್ಟಳು.